ಹಳೆ ಕಾರು ಕುಡಿಯುವ ಕಳ್ಳಗಾಳಿ: ಇನ್‌ಟೇಕ್ ಪೈಪು, ಪ್ಯಾಕಿಂಗ್ ಬದಲಿಸುವುದು ಹೇಗೆ

ನನ್ನದು 2007ರ ಪೆಟ್ರೋಲ್ ಕಾರು. ಸಣ್ಣದು, ಮೂರು ಸಿಲಿಂಡರ್. ಒಂದು ಬೇಸಿಗೆಯಲ್ಲಿ ಅದಕ್ಕೆ ಹೊಸ ಚಾಳಿ ಶುರುವಾಯಿತು. ನಮ್ಮ ಕಲಬುರಗಿಯ ಜಗತ್ ಸರ್ಕಲ್‌ನಲ್ಲಿ ನಿಂತರೆ ಸಾಕು, ಎಂಜಿನ್ ತಾನಾಗೇ ರೈ ಅಂತ ಏರುತ್ತಿತ್ತು, ಮತ್ತೆ ಇಳಿಯುತ್ತಿತ್ತು, ಮತ್ತೆ ಏರುತ್ತಿತ್ತು. ಎಸಿ ಹಾಕಿದರೆ ಒಮ್ಮೊಮ್ಮೆ ಆಫ್ ಆಗಿಬಿಡುತ್ತಿತ್ತು. ಒಂದು ಗ್ಯಾರೇಜಿನಲ್ಲಿ ಪ್ಲಗ್ ಬದಲಿಸಿದರು. ಆಮೇಲೆ ಪ್ಲಗ್ ವೈರ್. ಕೊನೆಗೆ "ಎಂಜಿನ್ ಕೆಲಸಾ ಬಂದದ್ರೀ" ಎಂದರು.

ನಮ್ಮ ಓಣಿಯಲ್ಲಿ ಟ್ರ್ಯಾಕ್ಟರ್ ರಿಪೇರಿ ಮಾಡಿ ವಯಸ್ಸಾದ ಮಿಸ್ತ್ರಿ ಕಾಕಾ ಒಬ್ಬರಿದ್ದಾರೆ. ಗಿಡಕ್ಕೆ ನೀರು ಬಿಡುವ ಪೈಪಿನ ಎರಡು ಅಡಿ ತುಂಡು ತಂದರು. ಒಂದು ತುದಿ ಕಿವಿಗೆ ಇಟ್ಟುಕೊಂಡು, ಇನ್ನೊಂದು ತುದಿಯನ್ನು ಎಂಜಿನ್ ಮೇಲೆ ನಿಧಾನ ಆಡಿಸಿದರು. ಒಂದು ಕಡೆ ನಿಂತು ನನ್ನ ಕಿವಿಗೆ ಕೊಟ್ಟರು. ಸೀಟಿಯಂಥ ಸಣ್ಣ ಸದ್ದು, ಸ್ಸ್ಸ್ ಅಂತ. "ಎಂಜಿನ್ ಛಲೋ ಅದ ತಮ್ಮಾ. ಪೈಪ್ ಸೀಳ್ಯದ ನೋಡು, ಕಳ್ಳಗಾಳಿ ಕುಡೀಲಾಕತ್ತದ" ಎಂದರು.

ಹತ್ತು-ಹದಿನೈದು ವರ್ಷ ದಾಟಿದ ಎಷ್ಟೋ ಕಾರುಗಳನ್ನು ಜನ ಇದೇ ಕಾರಣಕ್ಕೆ ಸಿಕ್ಕ ಬೆಲೆಗೆ ಮಾರಿಬಿಡುತ್ತಾರೆ. ನಿಜವಾಗಿ ಹಾಳಾಗಿರುವುದು ಒಂದಿಷ್ಟು ರಬ್ಬರ್ ಪೈಪು, ಒಂದೆರಡು ಪ್ಯಾಕಿಂಗ್, ಅಷ್ಟೇ. ಅದನ್ನು ಹುಡುಕಿ ಬದಲಿಸುವುದು ಮನೆಯಲ್ಲೇ ಆಗುವ ಕೆಲಸ. ಮಾರುತಿ 800ರ ಎಂಪಿಎಫ್‌ಐ (ಕಾರ್ಬುರೇಟರ್ ಬದಲು ಇಂಜೆಕ್ಟರ್ ಇರುವ ಮಾದರಿ), ಆಲ್ಟೋ, ಹಳೆ ವ್ಯಾಗನ್ ಆರ್, ಸ್ಯಾಂಟ್ರೋ, ಇಂಥ ಟರ್ಬೋ ಇಲ್ಲದ ಪೆಟ್ರೋಲ್ ಕಾರುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಡೀಸೆಲ್ ಮತ್ತು ಟರ್ಬೋ ಕಾರುಗಳ ವಿಷಯ ಬೇರೆ.

ಗಾಳಿ ಎಲ್ಲಿಂದ ನುಗ್ಗುತ್ತದೆ

ಮೊದಲು ದಾರಿ ತಿಳಿದುಕೊಳ್ಳೋಣ. ಗಾಳಿ ಏರ್ ಫಿಲ್ಟರ್ ಡಬ್ಬಿಗೆ ಬರುತ್ತದೆ. ಅಲ್ಲಿಂದ ದಪ್ಪ ರಬ್ಬರ್ ಪೈಪಿನಲ್ಲಿ ಥ್ರಾಟಲ್ ಬಾಡಿಗೆ ಹೋಗುತ್ತದೆ. ಆಕ್ಸಲರೇಟರ್ ಒತ್ತಿದಾಗ ತೆರೆದುಕೊಳ್ಳುವ ತಟ್ಟೆ ಇರುವುದು ಇದರಲ್ಲೇ. ಅದನ್ನು ದಾಟಿದರೆ ಇನ್‌ಟೇಕ್ ಮ್ಯಾನಿಫೋಲ್ಡ್. ಅದು ಗಾಳಿಯನ್ನು ಒಂದೊಂದು ಸಿಲಿಂಡರ್‌ಗೂ ಹಂಚುತ್ತದೆ. ಮ್ಯಾನಿಫೋಲ್ಡ್ ಮತ್ತು ಎಂಜಿನ್ ಹೆಡ್ ನಡುವೆ ಒಂದು ಪ್ಯಾಕಿಂಗ್ ಇರುತ್ತದೆ. ಪುಸ್ತಕದಲ್ಲಿ ಇದನ್ನೇ ಗ್ಯಾಸ್ಕೆಟ್ ಎನ್ನುತ್ತಾರೆ.

ಈ ದಾರಿಯಲ್ಲಿ ಎಲ್ಲಿ ಸೀಳಿದೆ ಅನ್ನುವುದರ ಮೇಲೆ ತೊಂದರೆ ಬೇರೆ ಬೇರೆ. ಥ್ರಾಟಲ್ ತಟ್ಟೆಯ ನಂತರ ಸೀಳಿದ್ದರೆ ಕಾರು ಕೂಡಲೇ ದೂರು ಹೇಳುತ್ತದೆ. ಎಂಜಿನ್ ನಿಂತಲ್ಲೇ ಓಡುವಾಗ ಮ್ಯಾನಿಫೋಲ್ಡ್ ಒಳಗೆ ಗಾಳಿ ಬಹಳ ಕಡಿಮೆ ಇರುತ್ತದೆ. ಸಣ್ಣ ಬಿರುಕಿದ್ದರೂ ಹೊರಗಿನ ಗಾಳಿಯನ್ನು ರಭಸದಿಂದ ಒಳಗೆ ಎಳೆಯುತ್ತದೆ. ಪೆಟ್ರೋಲ್ ಸರಿಯಾಗಿ ಉರಿಯಲು 1 ಕೆ.ಜಿ. ಪೆಟ್ರೋಲಿಗೆ ಸುಮಾರು 14.7 ಕೆ.ಜಿ. ಗಾಳಿ ಬೇಕು. ಆ ಲೆಕ್ಕ ತಪ್ಪುತ್ತದೆ. ಮ್ಯಾನಿಫೋಲ್ಡ್ ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್ ಇರುವ ಕಾರಿನಲ್ಲಿ, ಒತ್ತಡ ಏರಿದೆ ಅಂದುಕೊಂಡು ಕಂಪ್ಯೂಟರ್ ಜಾಸ್ತಿ ಪೆಟ್ರೋಲ್ ಬಿಡುತ್ತದೆ. ಎಂಜಿನ್ ಸ್ಪೀಡ್ ಏರುತ್ತದೆ. ಏರಿತಲ್ಲ ಅಂತ ಮತ್ತೆ ಇಳಿಸುತ್ತದೆ. ಸಿಗ್ನಲ್‌ನಲ್ಲಿ ನನ್ನ ಕಾರು ಮಾಡುತ್ತಿದ್ದ ಕುಣಿತ ಇದೇ. ಸೀಳು ಒಂದೇ ಸಿಲಿಂಡರಿನ ಹತ್ತಿರ ಇದ್ದರೆ ಆ ಸಿಲಿಂಡರ್ ಮಾತ್ರ ಮಿಸ್ಸಿಂಗ್ ಹೊಡೆಯುತ್ತದೆ, ಅಂದರೆ ಆಗಾಗ ಉರಿಯದೆ ಬಿಡುತ್ತದೆ.

ತಟ್ಟೆಗೆ ಮೊದಲು, ಫಿಲ್ಟರ್ ನಂತರದ ದಪ್ಪ ಪೈಪಿನಲ್ಲಿ ಸೀಳಿದ್ದರೆ? ಮ್ಯಾಪ್ ಸೆನ್ಸರ್ ಇರುವ ಇಂಥ ಕಾರಿನಲ್ಲಿ ಏನೂ ಗೊತ್ತಾಗುವುದಿಲ್ಲ. ಸ್ಪೀಡ್ ಸರಿ ಇರುತ್ತದೆ, ಪಿಕಪ್ ಸರಿ ಇರುತ್ತದೆ. ನನಗೆ ಹೆಚ್ಚು ಭಯ ಇದರದ್ದೇ. ಸೋಸದ ಗಾಳಿ ದಿನಾ ಎಂಜಿನ್ನಿಗೆ ಹೋಗುತ್ತಿರುತ್ತದೆ. ನಮ್ಮ ಊರಿನ ಗಾಳಿ ಎಂಥದ್ದು ಅಂತ ಹೇಳಬೇಕಾ? ಸೇಡಂ, ವಾಡಿ, ಚಿತ್ತಾಪುರ ಕಡೆ ಹೋದರೆ ಸಿಮೆಂಟ್ ಮತ್ತು ಸುಣ್ಣಕಲ್ಲಿನ ಪುಡಿ. ಶಹಾಬಾದ್ ಕಡೆ ಪರಸಿ (ನೆಲಕ್ಕೆ ಹಾಸುವ ಕಲ್ಲು) ಕೊಯ್ಯುವ ಧೂಳು. ಡಿಸೆಂಬರ್, ಜನವರಿಯಲ್ಲಿ ತೊಗರಿ ರಾಶಿ ಶುರುವಾದರೆ ಹೊಲದ ರಸ್ತೆಗಳ ತುಂಬ ಹೊಟ್ಟು. ಈ ಪುಡಿ ಆಯಿಲ್ ಜೊತೆ ಕಲೆತು ಉಜ್ಜುವ ಮಸಾಲೆಯಾಗುತ್ತದೆ. ಪಿಸ್ಟನ್ ರಿಂಗ್, ಸಿಲಿಂಡರ್ ಎರಡನ್ನೂ ಸವೆಸುತ್ತದೆ. ಮೇಲಿಂದ ಮೇ ತಿಂಗಳ ಬಿಸಿಲು. 42-43 ಡಿಗ್ರಿಯಲ್ಲಿ ಬಾನೆಟ್ ಒಳಗಿನ ರಬ್ಬರ್ ವರ್ಷದಿಂದ ವರ್ಷಕ್ಕೆ ಗಡುಸಾಗಿ ಹಪ್ಪಳದ ಹಾಗೆ ಒಡೆಯುತ್ತದೆ.

ಹುಡುಕದೆ ಏನನ್ನೂ ಬದಲಿಸಬೇಡಿ

ಎಂಜಿನ್ ತಣ್ಣಗಿರುವಾಗ ಶುರು ಮಾಡಿ. ದಪ್ಪ ಪೈಪಿನ ಎರಡೂ ತುದಿಯ ಕ್ಲಿಪ್ ಸಡಿಲಿಸಿ, ಪೈಪ್ ತೆಗೆಯಿರಿ. ಒಳಗೆ ಬೆರಳು ಹಾಕಿ ಒರೆಸಿ ನೋಡಿ. ಇದು ಫಿಲ್ಟರ್ ದಾಟಿದ ಗಾಳಿಯ ಜಾಗ. ಬೆರಳಿಗೆ ತೆಳ್ಳಗೆ ಆಯಿಲ್ ಜಿಡ್ಡು ಹತ್ತಿದರೆ ಪರವಾಗಿಲ್ಲ. ಧೂಳು ಹತ್ತಬಾರದು. ನನ್ನ ಬೆರಳಿಗೆ ಹತ್ತಿದ್ದು ಬೂದಿ ಬಣ್ಣದ ನುಣುಪಾದ ಹಿಟ್ಟು. ಎರಡು ಬೆರಳ ನಡುವೆ ತಿಕ್ಕಿದರೆ ಒಳಗೆ ಸಣ್ಣ ಹರಳು ಸಿಗುತ್ತಿತ್ತು. ಪೈಪಿನ ತಳಭಾಗದಲ್ಲಿ, ಬಾಜಾ ಪೆಟ್ಟಿಗೆಯ ತಿದಿಯಂತೆ ಮಡಿಕೆ ಇರುವ ಕಡೆ, ಮೂರು ಇಂಚು ಉದ್ದ ಸೀಳಿತ್ತು. ಮೇಲಿನಿಂದ ನೋಡಿದರೆ ಪೈಪ್ ಹೊಸದರಂತೆ ಕಾಣುತ್ತಿತ್ತು. ಕೈಯಲ್ಲಿ ಹಿಡಿದು ಬಗ್ಗಿಸಿದಾಗ ಮಾತ್ರ ಬಾಯಿ ಬಿಟ್ಟಿತು. ಹಾಗಾಗಿ ಕಣ್ಣಲ್ಲಿ ನೋಡಿ ಬಿಡಬೇಡಿ. ಒಂದೊಂದು ಮಡಿಕೆಯನ್ನೂ ಅಗಲಿಸಿ ನೋಡಿ.

ಪೈಪ್ ವಾಪಸ್ ಹಾಕಿ ಎಂಜಿನ್ ಚಾಲೂ ಮಾಡಿ. ಬಿಸಿಯಾಗಲಿ. ಈಗ ಕಾಕಾನ ಪೈಪ್ ತಂತ್ರ. ಫ್ಯಾನ್ ಮತ್ತು ಬೆಲ್ಟಿನಿಂದ ಕೈ, ಪೈಪ್, ಟವಲ್, ಸೆರಗು ಎಲ್ಲ ದೂರ ಇರಲಿ. ಮ್ಯಾನಿಫೋಲ್ಡ್ ಹೆಡ್‌ಗೆ ಕೂಡುವ ಗೆರೆ, ಥ್ರಾಟಲ್ ಬಾಡಿಯ ಬುಡ, ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರ್ ಕೂತಿರುವ ಜಾಗ, ಸಣ್ಣ ಪೈಪುಗಳ ತುದಿ, ಒಂದೊಂದನ್ನೂ ಕೇಳಿ.

ಅನುಮಾನ ಬಂದ ಕಡೆ ಸೋಪಿನ ನೀರನ್ನು ಸ್ಪ್ರೇ ಬಾಟಲಿಯಲ್ಲಿ ಸ್ವಲ್ಪ ಹೊಡೆಯಿರಿ. ಪ್ಲಗ್, ಕಾಯಿಲ್, ವೈರಿನ ಸಾಕೆಟ್ ಮೇಲೆ ಬೀಳದಂತೆ ನೋಡಿಕೊಳ್ಳಿ. ನೀರು ಸೀಳನ್ನು ಒಂದು ಕ್ಷಣ ಮುಚ್ಚುತ್ತದೆ. ಆ ಕ್ಷಣ ಎಂಜಿನ್ ಸದ್ದು ಬದಲಾದರೆ ಜಾಗ ಸಿಕ್ಕಿತು. ಗ್ಯಾರೇಜುಗಳಲ್ಲಿ ಇದಕ್ಕೆ ಕಾರ್ಬುರೇಟರ್ ಕ್ಲೀನರ್ ಹೊಡೆಯುತ್ತಾರೆ. ಅದು ಬೆಂಕಿ ಹತ್ತುವ ವಸ್ತು, ಬಿಸಿ ಸೈಲೆನ್ಸರ್ ಪೈಪಿನ ಮೇಲೆ ಬಿದ್ದರೆ ಅನಾಹುತ. ಊದಿನಕಡ್ಡಿ ಹೊಗೆ ಎತ್ತ ಎಳೆಯುತ್ತದೆ ಅಂತ ನೋಡುವವರೂ ಇದ್ದಾರೆ. ಪೆಟ್ರೋಲ್ ಪೈಪಿನ ಪಕ್ಕ ಕೆಂಡ ಇಡುವುದು ಬೇಡವೇ ಬೇಡ. ಮನೆಯಲ್ಲಿ ಮಾಡುವವರಿಗೆ ಸೋಪಿನ ನೀರೇ ಸಾಕು.

ಸಣ್ಣ ಪೈಪುಗಳಿಗೆ ಇನ್ನೊಂದು ಸುಲಭ ಪರೀಕ್ಷೆ. ಇಕ್ಕಳಕ್ಕೆ ಬಟ್ಟೆ ಸುತ್ತಿ ಒಂದೊಂದೇ ಪೈಪನ್ನು ಮೆಲ್ಲಗೆ ಹಿಸುಕಿ. ಹಿಸುಕಿದಾಗ ಎಂಜಿನ್ ಕುಣಿತ ನಿಂತರೆ ಲೀಕ್ ಇರುವುದು ಆ ಪೈಪಿನಲ್ಲಿ, ಅಥವಾ ಅದರ ಆಚೆ ತುದಿಯಲ್ಲಿ. ಪಿಸಿವಿ ಪೈಪಿನಲ್ಲಿ (ಎಂಜಿನ್ ತಳದ ಆಯಿಲ್ ಆವಿಯನ್ನು ಮ್ಯಾನಿಫೋಲ್ಡಿಗೆ ಒಯ್ಯುವ ಪೈಪು) ಯಾವಾಗಲೂ ಸ್ವಲ್ಪ ಗಾಳಿ ಓಡುತ್ತಿರುತ್ತದೆ, ಅದನ್ನು ಹಿಸುಕಿದಾಗ ಕೊಂಚ ಬದಲಾಗುವುದು ಸಹಜ. ಒಣಗಿ ಕಲ್ಲಾಗಿರುವ ಪೈಪನ್ನು ಹಿಸುಕಬೇಡಿ, ಮುರಿಯುತ್ತದೆ. ಅದು ಹೇಗೂ ಬದಲಿಸುವ ಪೈಪೇ.

ಯಾರ ಹತ್ತಿರವಾದರೂ ಮ್ಯಾನಿಫೋಲ್ಡಿನ ಸೆಳೆತ ಅಳೆಯುವ ವ್ಯಾಕ್ಯೂಮ್ ಗೇಜ್ ಇದ್ದರೆ ಕೇಳಿ ತನ್ನಿ. ಸಮುದ್ರದ ಮಟ್ಟದಲ್ಲಿ ಒಳ್ಳೆ ಎಂಜಿನ್ ನಿಂತಲ್ಲೇ ಓಡುವಾಗ ಪಾದರಸದ ಲೆಕ್ಕದಲ್ಲಿ 17ರಿಂದ 21 ಇಂಚು ತೋರಿಸುತ್ತದೆ. ಎತ್ತರ 1000 ಅಡಿ ಏರಿದಂತೆ ಸುಮಾರು ಒಂದು ಇಂಚು ಇಳಿಯುತ್ತದೆ. ಕಲಬುರಗಿ ಸುಮಾರು 450 ಮೀಟರ್ ಎತ್ತರದಲ್ಲಿದೆ, ಅಂದರೆ ಒಂದೂವರೆ ಇಂಚು ಕಡಿಮೆ. 16ರಿಂದ 19ರ ಒಳಗೆ ಮುಳ್ಳು ಗಟ್ಟಿಯಾಗಿ ನಿಂತರೆ ಸರಿ. ಬೀದರ್ ಇನ್ನೂ ಎತ್ತರ, ಅಲ್ಲಿ ಇನ್ನಷ್ಟು ಕಡಿಮೆ ತೋರಿಸುತ್ತದೆ. ಇಂಟರ್‌ನೆಟ್ಟಿನಲ್ಲಿ ಓದಿದ 21 ಇಂಚು ಬರಲಿಲ್ಲ ಅಂತ ಗಾಬರಿಯಾಗಬೇಡಿ.

ಸಾಮಾನು ತರುವುದು

ಆರ್‌ಸಿಯಲ್ಲಿ 17 ಅಕ್ಷರದ ಚಾಸಿ ನಂಬರ್ ಇರುತ್ತದೆ. ಅದರ ಫೋಟೋ ಒಯ್ಯಿರಿ. ಒಂದೇ ಹೆಸರಿನ ಕಾರಿಗೆ ವರ್ಷದಿಂದ ವರ್ಷಕ್ಕೆ ಪ್ಯಾಕಿಂಗ್ ಆಕಾರ ಬದಲಾಗಿರುತ್ತದೆ. ಹಳೆ ಪೈಪನ್ನೂ ಕೈಯಲ್ಲೇ ಒಯ್ದು, ಅಂಗಡಿಯಲ್ಲೇ ಪಕ್ಕಕ್ಕಿಟ್ಟು ನೋಡಿ.

ತರಬೇಕಾದ್ದು ಇಷ್ಟು: ದಪ್ಪ ಇನ್‌ಟೇಕ್ ಪೈಪ್, ಅದರ ಎರಡು ಹೊಸ ಕ್ಲಿಪ್, ಏರ್ ಫಿಲ್ಟರ್, ಪಿಸಿವಿ ವಾಲ್ವ್ ಮತ್ತು ಅದರ ಪೈಪ್, ಥ್ರಾಟಲ್ ಬಾಡಿ ಪ್ಯಾಕಿಂಗ್. ಸೋಪಿನ ನೀರಿನ ಪರೀಕ್ಷೆ ಮ್ಯಾನಿಫೋಲ್ಡ್ ಕಡೆ ಬೆರಳು ತೋರಿಸಿದ್ದರೆ ಅದರ ಪ್ಯಾಕಿಂಗ್ ಮತ್ತು ಇಂಜೆಕ್ಟರ್ ಓ-ರಿಂಗ್ (ರಬ್ಬರ್ ಬಳೆ) ಕೂಡ. ಈಗ ಸಿಗುವ ಪೆಟ್ರೋಲ್‌ನಲ್ಲಿ ಶೇ. 20ರವರೆಗೆ ಎಥನಾಲ್ ಇರುತ್ತದೆ. ಅದು ಹಳೆ ಕಾಲದ ರಬ್ಬರಿಗೆ ಒಗ್ಗುವುದಿಲ್ಲ. ಅದಕ್ಕೇ ಓ-ರಿಂಗ್ ಒಳ್ಳೆ ಕಂಪನಿಯದೇ ಇರಲಿ, ಎಥನಾಲ್ ತಡೆಯುತ್ತದಾ ಅಂತ ಕೇಳಿಯೇ ತಗೊಳ್ಳಿ.

ಪೈಪಿನ ವಿಷಯದಲ್ಲಿ ನನ್ನದು ಗಟ್ಟಿ ಮಾತು. ಡ್ರಿಪ್ ಪೈಪ್, ಲೆವೆಲ್ ಪೈಪ್, ಸೈಕಲ್ ಟ್ಯೂಬ್ ತುಂಡು ಬಳಸಬೇಡಿ. ಎಂಜಿನ್ ಬಿಸಿಗೆ ಮೆತ್ತಗಾಗಿ, ಒಳಗಿನ ಸೆಳೆತಕ್ಕೆ ಚಪ್ಪಟೆಯಾಗುತ್ತವೆ. ಪಿಸಿವಿ ಪೈಪಿನಲ್ಲಿ ಆಯಿಲ್ ಆವಿ ಹೋಗುತ್ತದೆ, ಆಯಿಲ್ ತಡೆಯುವ ರಬ್ಬರೇ ಬೇಕು. ಬ್ರೇಕ್ ಪೆಡಲ್ ಹಗುರ ಮಾಡುವ ಬೂಸ್ಟರ್‌ಗೆ ಹೋಗುವ ದಪ್ಪ ಪೈಪ್ ಅಂತೂ ಜೀವದ ಪ್ರಶ್ನೆ. ಅದನ್ನು ಆ ಕಾರಿನದೇ ತನ್ನಿ. ಅದರೊಳಗೆ ಒಂದು ಕಡೆ ಮಾತ್ರ ಗಾಳಿ ಬಿಡುವ ವಾಲ್ವ್ ಇರುತ್ತದೆ. ತಿರುಗಿಸಿ ಹಾಕಿದರೆ ಬ್ರೇಕ್ ಕಲ್ಲಿನಂತೆ ಗಟ್ಟಿಯಾಗುತ್ತದೆ. ಬಾಣದ ಗುರುತು ನೋಡಿ ಹಾಕಿ.

ಎಂ-ಸೀಲ್ ಮೆತ್ತುವುದು ಕೂಡ ಹೀಗೇ. ಬಿಸಿಗೆ, ಅದುರುವಿಕೆಗೆ ಬಿರುಕು ಬಿಡುತ್ತದೆ. ಚೂರು ಒಳಗೆ ಬಿದ್ದರೆ ನೇರ ಸಿಲಿಂಡರಿಗೇ.

ಸುಲಭದ ಭಾಗ ಮೊದಲು

ಬೇಸಿಗೆಯಾದರೆ ಬೆಳಿಗ್ಗೆ ಆರಕ್ಕೇ ಶುರು ಮಾಡಿ, ಹತ್ತರ ನಂತರ ಪಾನಾ (ಸ್ಪ್ಯಾನರ್) ಮುಟ್ಟಲೂ ಆಗುವುದಿಲ್ಲ. ರಾತ್ರಿಯಿಡೀ ತಣ್ಣಗಾದ ಎಂಜಿನ್, ಸಮನಾದ ನೆಲ. 8, 10, 12ರ ಗೋಟಿ (ಸಾಕೆಟ್) ಪಾನಾ, ರಾಚೆಟ್, ಉದ್ದದ ಎಕ್ಸ್‌ಟೆನ್ಷನ್, ಸ್ಕ್ರೂಡ್ರೈವರ್, ಬ್ಯಾಟರಿ ಲೈಟ್. ಬೋಲ್ಟ್ ಇಡಲು ಮೊಟ್ಟೆ ಟ್ರೇ ಇಟ್ಟುಕೊಳ್ಳಿ. ಬಿಚ್ಚಿದ ಕ್ರಮದಲ್ಲೇ ಒಂದೊಂದು ಗುಳಿಯಲ್ಲಿ ಹಾಕುತ್ತಾ ಹೋದರೆ ಜೋಡಿಸುವಾಗ ತಲೆ ಕೆಡುವುದಿಲ್ಲ. ಬಿಚ್ಚುವ ಮೊದಲು ಮೊಬೈಲಿನಲ್ಲಿ ನಾಲ್ಕು ಕಡೆಯಿಂದ ಫೋಟೋ ತೆಗೆಯಿರಿ.

ಬ್ಯಾಟರಿಯ ಮೈನಸ್ ವೈರ್ ತೆಗೆಯಿರಿ. ಫಿಲ್ಟರ್ ಡಬ್ಬಿ ಬಿಚ್ಚಿ, ಒದ್ದೆ ಬಟ್ಟೆಯಿಂದ ಒಳಗೆಲ್ಲ ಒರೆಸಿ. ಹೊಸ ಫಿಲ್ಟರಿನ ರಬ್ಬರ್ ಅಂಚು ಸುತ್ತಲೂ ಸರಿಯಾಗಿ ಕೂತಿದೆಯಾ ನೋಡಿ. ಮುಚ್ಚಳದ ಒಂದು ಕ್ಲಿಪ್ ಮುರಿದಿದ್ದರೂ ಧೂಳು ಅಲ್ಲಿಂದಲೇ ನುಗ್ಗುತ್ತದೆ. ಹಳೆ ಫಿಲ್ಟರನ್ನು ಕಂಪ್ರೆಸರ್ ಗಾಳಿಯಲ್ಲಿ ಜೋರಾಗಿ ಊದಿಸಿ ಮತ್ತೆ ಹಾಕುವ ಅಭ್ಯಾಸ ನಮ್ಮಲ್ಲಿ ಜಾಸ್ತಿ. ಕಾಗದದಲ್ಲಿ ಕಣ್ಣಿಗೆ ಕಾಣದ ತೂತು ಬೀಳುತ್ತದೆ. ಅದನ್ನು ಬಿಡಿ.

ಪಿಸಿವಿ ವಾಲ್ವ್ ಕೈಯಲ್ಲಿ ಹಿಡಿದು ಅಲ್ಲಾಡಿಸಿ. ಟಕ್ ಟಕ್ ಸದ್ದು ಬರದಿದ್ದರೆ ಅದು ಜಿಡ್ಡಿಗೆ ಅಂಟಿಕೊಂಡಿದೆ. ಹೊಸದು ಹಾಕಿ. ಸಣ್ಣ ಪೈಪುಗಳನ್ನು ಒಂದು ತೆಗೆದು, ಅದೇ ಜಾಗಕ್ಕೆ ಹೊಸದು ಹಾಕಿ, ಆಮೇಲೆ ಮುಂದಿನದಕ್ಕೆ ಹೋಗಿ. ಎಲ್ಲ ಒಟ್ಟಿಗೆ ಕಿತ್ತರೆ ಯಾವುದು ಎಲ್ಲಿಗೆ ಅಂತ ಗೊತ್ತಾಗದೆ ಕೂರಬೇಕು. ಗಡುಸಾದ ಪೈಪನ್ನು ಎಳೆಯಬೇಡಿ. ಉದ್ದಕ್ಕೆ ಬ್ಲೇಡಿನಿಂದ ಕೊಯ್ದು ಬಿಡಿಸಿ. ಎಳೆದರೆ ಪ್ಲಾಸ್ಟಿಕ್ ಮೂತಿಯೇ ಮುರಿದು ಬರುತ್ತದೆ.

ಥ್ರಾಟಲ್ ಬಾಡಿ ಬಿಚ್ಚಿದರೆ ತಟ್ಟೆಯ ಸುತ್ತ ಕಪ್ಪು ಮಸಿ ಕಾಣುತ್ತದೆ. ಅದಕ್ಕಾಗಿಯೇ ಇರುವ ಕ್ಲೀನರನ್ನು ಬಟ್ಟೆಗೆ ಹಾಕಿ ಒರೆಸಿ, ಸೆನ್ಸರ್ ಕಡೆ ಸ್ಪ್ರೇ ಬೇಡ. ಕೇಬಲ್ ಇರುವ ತಟ್ಟೆಯನ್ನು ಕೈಯಿಂದ ತಿರುಗಿಸಬಹುದು. ಮೋಟಾರಿನಿಂದ ತಿರುಗುವ ತಟ್ಟೆಯಾದರೆ ಬಲ ಹಾಕಬೇಡಿ. ತಟ್ಟೆ ತಾಗಿ ನಿಲ್ಲುವ ಒಂದು ಸಣ್ಣ ಸ್ಕ್ರೂ ಇರುತ್ತದೆ, ಅದನ್ನು ಮುಟ್ಟಲೇಬೇಡಿ. ಸ್ಪೀಡ್ ಕಡಿಮೆಯಾದರೆ ಅದನ್ನು ತಿರುವಿ ಕಳಿಸುವ ರೂಢಿ ಇದೆ. ರೋಗ ಅಲ್ಲೇ ಉಳಿಯುತ್ತದೆ.

ಥ್ರಾಟಲ್ ಬಾಡಿಗೆ ಬಿಸಿನೀರಿನ ಎರಡು ಸಣ್ಣ ಪೈಪ್ ಬಂದಿದ್ದರೆ ಅವುಗಳಿಂದ ಕೂಲೆಂಟ್ ಸುರಿಯುತ್ತದೆ. ಕೆಳಗೆ ಡಬ್ಬಿ ಇಡಿ. ಕೂಲೆಂಟ್ ಸಿಹಿಯಾಗಿರುತ್ತದೆ, ಆದರೆ ವಿಷ. ಅಂಗಳದಲ್ಲಿ ನಾಯಿ, ಕರು, ಕೋಳಿ ಓಡಾಡುತ್ತಿದ್ದರೆ ತಕ್ಷಣ ನೀರು ಹಾಕಿ ತೊಳೆದುಬಿಡಿ.

ಎಷ್ಟೋ ಕಾರುಗಳಲ್ಲಿ ಕೆಲಸ ಇಲ್ಲಿಗೇ ಮುಗಿಯುತ್ತದೆ. ಜೋಡಿಸಿ, ಚಾಲೂ ಮಾಡಿ, ಸೋಪಿನ ನೀರು ಹೊಡೆದು ನೋಡಿ. ಕುಣಿತ ನಿಂತಿದ್ದರೆ ಮ್ಯಾನಿಫೋಲ್ಡ್ ಮುಟ್ಟುವುದು ಬೇಡ.

ಮ್ಯಾನಿಫೋಲ್ಡ್ ಪ್ಯಾಕಿಂಗ್

ನನಗೆ ಇದನ್ನೂ ಮಾಡಬೇಕಾಯಿತು. ಮೊದಲ ಸಲಕ್ಕೆ ಒಂದು ಭಾನುವಾರ ಪೂರ್ತಿ ಇಟ್ಟುಕೊಳ್ಳಿ. ಹಿಂದಿನ ಸಂಜೆಯೇ ನಟ್‌ಗಳಿಗೆ ತುಕ್ಕು ಬಿಡಿಸುವ ಎಣ್ಣೆ ಹಾಕಿ.

ಎಂಪಿಎಫ್‌ಐ ಕಾರಿನಲ್ಲಿ ಪೆಟ್ರೋಲ್ ಪೈಪಿನೊಳಗೆ ಸುಮಾರು 3 ಬಾರ್ ಒತ್ತಡ ಇರುತ್ತದೆ. ಹಾಗೇ ಬಿಚ್ಚಿದರೆ ಕಣ್ಣಿಗೆ ಚಿಮ್ಮುತ್ತದೆ. ಬ್ಯಾಟರಿ ತೆಗೆಯುವ ಮೊದಲು ಪೆಟ್ರೋಲ್ ಪಂಪಿನ ಫ್ಯೂಸ್ ಅಥವಾ ರಿಲೇ ಕಿತ್ತು ಎಂಜಿನ್ ಚಾಲೂ ಮಾಡಿ. ಒಳಗಿನ ಪೆಟ್ರೋಲ್ ಮುಗಿದು ತಾನೇ ನಿಲ್ಲುತ್ತದೆ. ಇನ್ನೆರಡು ಸಲ ಸೆಲ್ಫ್ ಹೊಡೆಯಿರಿ. ಆಮೇಲೆ ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಬ್ಯಾಟರಿ ಮೈನಸ್ ತೆಗೆಯಿರಿ. ಪೈಪ್ ಬಿಚ್ಚುವಾಗ ಬಟ್ಟೆ ಸುತ್ತಿ ಹಿಡಿಯಿರಿ. ಹತ್ತಿರ ಬೀಡಿ, ಸಿಗರೇಟು, ಒಲೆ ಯಾವುದೂ ಇರಕೂಡದು. ಹಲವು ಕಾರುಗಳ ಮ್ಯಾನಿಫೋಲ್ಡ್ ಒಳಗೂ ಕೂಲೆಂಟ್ ಓಡುತ್ತದೆ. ಅಂಥ ಕಾರಾದರೆ ರೇಡಿಯೇಟರ್‌ನಿಂದ ಮೊದಲೇ ಇಳಿಸಿ.

ವೈರಿನ ಸಾಕೆಟ್‌ಗಳಿಗೆ ಪೇಂಟರ್ ಟೇಪ್ ಹಚ್ಚಿ 1, 2, 3 ಬರೆಯಿರಿ. ಆಕ್ಸಲರೇಟರ್ ಕೇಬಲ್ ಬಿಡಿಸಿ. ನಟ್‌ಗಳನ್ನು ಎರಡೂ ತುದಿಯಿಂದ ಶುರು ಮಾಡಿ ನಡುವಿನ ಕಡೆ ಸಡಿಲಿಸುತ್ತಾ ಬನ್ನಿ. ಕೆಳಗಿನ ಸಾಲಿನ ನಟ್ ಕಣ್ಣಿಗೆ ಕಾಣುವುದಿಲ್ಲ, ಬೆರಳಿನಿಂದಲೇ ಹುಡುಕಬೇಕು. ಎಲ್ಲ ಬಿಚ್ಚಿದರೂ ಮ್ಯಾನಿಫೋಲ್ಡ್ ಬರದಿದ್ದರೆ ಅಡಿಯಲ್ಲಿ ಆಸರೆಯ ಪಟ್ಟಿ ಉಳಿದಿರುತ್ತದೆ. ಹೆಚ್ಚಿನವರು ಮರೆಯುವುದು ಅದನ್ನೇ. ಸ್ಕ್ರೂಡ್ರೈವರ್ ತೂರಿಸಿ ಮೀಟಬೇಡಿ, ಅಲ್ಯೂಮಿನಿಯಂ ಮೆತ್ತಗಿರುತ್ತದೆ. ಕೈಯಿಂದ ಅಲ್ಲಾಡಿಸುತ್ತಾ ಹೊರಗೆಳೆಯಿರಿ.

ಈಗ ಹೆಡ್‌ನ ತೂತುಗಳು ತೆರೆದುಕೊಂಡಿವೆ. ಹಳೆ ಪಂಚೆಯ ತುಂಡು ಒಂದೊಂದಕ್ಕೂ ತುರುಕಿ. ಎಷ್ಟು ತುರುಕಿದಿರಿ ಅಂತ ಎಣಿಸಿ ಬರೆದಿಡಿ. ಅಷ್ಟೇ ಹೊರಗೆ ಬರಬೇಕು.

ಹಳೆ ಪ್ಯಾಕಿಂಗ್ ಹೆಂಚಿಗೆ ಹತ್ತಿದ ರೊಟ್ಟಿಯ ಹಾಗೆ ಅಂಟಿಕೊಂಡಿರುತ್ತದೆ. ಗ್ಯಾಸ್ಕೆಟ್ ಬಿಡಿಸುವ ಸ್ಪ್ರೇ ಹೊಡೆದು ಹತ್ತು ನಿಮಿಷ ಬಿಡಿ. ಪ್ಲಾಸ್ಟಿಕ್ ಪಟ್ಟಿಯಿಂದ ತಾಳ್ಮೆಯಿಂದ ಕೆರೆಯಿರಿ. ನಾನು ಹಳೆ ಎಟಿಎಂ ಕಾರ್ಡ್ ಬಳಸಿದೆ, ಮೂರು ಮುರಿದವು. ಬ್ಲೇಡು, ಗ್ರೈಂಡರ್, ಒರಟು ಪಾಲಿಶ್ ಪೇಪರ್ ತಾಗಿಸಬೇಡಿ. ಒಂದು ಗೀರು ಬಿದ್ದರೆ ಹೊಸ ಪ್ಯಾಕಿಂಗ್ ಕೂಡ ಅಲ್ಲಿಂದಲೇ ಗಾಳಿ ಎಳೆಯುತ್ತದೆ. ನನ್ನ ಹಳೆ ಪ್ಯಾಕಿಂಗ್ ಮೂರನೇ ಸಿಲಿಂಡರಿನ ಕೆಳಗೆ ಬೆರಳುಗುರಿನಷ್ಟು ಅಗಲ ಮುರಿದುಹೋಗಿತ್ತು. ಉಳಿದೆಡೆ ಕಪ್ಪಗಿದ್ದ ಪ್ಯಾಕಿಂಗ್, ಅಲ್ಲಿ ಮಾತ್ರ ಗಾಳಿ ಓಡಿ ಓಡಿ ಬೆಳ್ಳಗಾಗಿತ್ತು.

ಸ್ವಚ್ಛವಾದ ಮೇಲೆ ನೇರವಾದ ಉಕ್ಕಿನ ಪಟ್ಟಿಯನ್ನು ಮ್ಯಾನಿಫೋಲ್ಡ್ ಮುಖದ ಮೇಲೆ ಇಟ್ಟು ಫೀಲರ್ ಗೇಜ್ (ಅಳತೆಯ ತೆಳು ಉಕ್ಕಿನ ಎಲೆಗಳು) ತೂರಿಸಿ ನೋಡಿ. 0.10 ಮಿ.ಮೀ. ಎಲೆ ಒಳಗೆ ಹೋದರೆ ಮುಖ ಬಾಗಿದೆ. ಅದನ್ನು ಲೇತ್ ಕೆಲಸದವರ ಹತ್ತಿರ ಒಯ್ದು ಸಮ ಮಾಡಿಸಿ.

ಹೊಸ ಪ್ಯಾಕಿಂಗ್ ಒಣಗಿದ್ದಂತೆಯೇ ಕೂರಿಸಿ. ಕಾರಿನ ಪುಸ್ತಕ ಹೇಳದಿದ್ದರೆ ಮೇಲೆ ಬಾಂಡ್ ಹಚ್ಚುವುದು ಬೇಡ. ಪೆಟ್ರೋಲ್ ತಾಗುವ ಕಡೆ ಸಾದಾ ಸಿಲಿಕಾನ್ ಬಾಂಡ್ ಉಬ್ಬಿ ಕಿತ್ತುಬರುತ್ತದೆ, ಆಕ್ಸಿಜನ್ ಸೆನ್ಸರನ್ನೂ ಹಾಳು ಮಾಡಬಹುದು. ಬಟ್ಟೆ ತುಂಡು ಎಣಿಸಿ ತೆಗೆದು, ಮ್ಯಾನಿಫೋಲ್ಡ್ ಇಡಿ. ಎಲ್ಲ ನಟ್‌ಗಳನ್ನು ಮೊದಲು ಕೈಯಿಂದಲೇ ತಿರುಗಿಸಿ. ಆಮೇಲೆ ನಡುವಿನಿಂದ ತುದಿಯ ಕಡೆಗೆ, ಮೂರು ಸುತ್ತಿನಲ್ಲಿ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ. 12ರ ಪಾನಾ ಹಿಡಿಯುವ ಇಂಥ ನಟ್‌ಗಳಿಗೆ ಸಾಮಾನ್ಯವಾಗಿ 18ರಿಂದ 25 ನ್ಯೂಟನ್ ಮೀಟರ್ ಸಾಕು. ನಿಮ್ಮ ಕಾರಿನ ಖಾಸಾ ಅಂಕಿ ಸರ್ವಿಸ್ ಪುಸ್ತಕದಲ್ಲಿ ಇರುತ್ತದೆ, ಅದೇ ಅಂತಿಮ. ಬಿಗಿತ ಅಳೆಯುವ ಟಾರ್ಕ್ ಪಾನಾ ಬಾಡಿಗೆಗಾದರೂ ತನ್ನಿ. ಮೈಬಲದ ಮೇಲೆ ಬಿಗಿದರೆ ಹೆಡ್‌ನೊಳಗೆ ಸ್ಟಡ್ ಮುರಿಯುತ್ತದೆ. ಆಗ ಮನೆಯ ಕೆಲಸ ಅಲ್ಲ, ಹೆಡ್ ಇಳಿಸುವ ಮಾತು ಬರುತ್ತದೆ. ಇಂಜೆಕ್ಟರ್ ಬಿಚ್ಚಿದ್ದರೆ ಓ-ರಿಂಗ್‌ಗೆ ಒಂದು ಹನಿ ಹೊಸ ಎಂಜಿನ್ ಆಯಿಲ್ ಸವರಿ, ತಿರುವುತ್ತಾ ನೇರವಾಗಿ ಒತ್ತಿ. ಒಣ ರಿಂಗ್ ಮಡಚಿಕೊಂಡು ಹರಿಯುತ್ತದೆ.

ಚಾಲೂ ಮಾಡುವ ಮುನ್ನ

ಪೈಪ್, ವೈರ್ ಎಲ್ಲ ಕೂಡಿಸಿ, ಫ್ಯೂಸ್ ಮತ್ತು ಬ್ಯಾಟರಿ ಹಾಕಿ. ಸೆಲ್ಫ್ ಹೊಡೆಯದೆ ಕೀ ಮಾತ್ರ ಮೂರು ಸಲ ಆನ್-ಆಫ್ ಮಾಡಿ. ಪಂಪ್ ಪೆಟ್ರೋಲ್ ತುಂಬುತ್ತದೆ. ಎರಡು ನಿಮಿಷ ಲೈಟ್ ಹಿಡಿದು ನೋಡಿ. ಎಲ್ಲಾದರೂ ಪೆಟ್ರೋಲ್ ಹನಿ ಕಂಡರೆ, ವಾಸನೆ ಬಂದರೆ, ಮೊದಲು ಅದನ್ನು ಸರಿ ಮಾಡಿ. ಕೂಲೆಂಟ್ ತುಂಬಿ.

ಈಗ ಚಾಲೂ ಮಾಡಿ. ಬ್ಯಾಟರಿ ತೆಗೆದಿದ್ದರಿಂದ ಕಂಪ್ಯೂಟರ್ ಕಲಿತದ್ದನ್ನು ಮರೆತಿರುತ್ತದೆ. ಎಸಿ, ಲೈಟ್ ಹಾಕದೆ ಹತ್ತು-ಹದಿನೈದು ನಿಮಿಷ ನಿಂತಲ್ಲೇ ಓಡಲಿ. ಮೊದಮೊದಲು ಸ್ವಲ್ಪ ಏರಿಳಿದರೆ ಹೆದರಬೇಡಿ. ಸೋಪಿನ ನೀರಿನ ಪರೀಕ್ಷೆ ಇನ್ನೊಮ್ಮೆ ಮಾಡಿ. ಕಾರು ಹೊರಗೆ ತೆಗೆಯುವ ಮುಂಚೆ ಬ್ರೇಕ್ ನೋಡಲೇಬೇಕು. ಎಂಜಿನ್ ಆಫ್ ಮಾಡಿ ಪೆಡಲ್ ನಾಲ್ಕೈದು ಸಲ ಒತ್ತಿ, ಕೊನೆಯಲ್ಲಿ ಒತ್ತಿ ಹಿಡಿದೇ ಚಾಲೂ ಮಾಡಿ. ಪೆಡಲ್ ಕಾಲಿನಡಿ ಸ್ವಲ್ಪ ಕುಸಿದರೆ ಬೂಸ್ಟರ್ ಪೈಪ್ ಸರಿ ಇದೆ.

ಇಷ್ಟಾದರೂ ಒಂದು ಸಿಲಿಂಡರ್ ಮಿಸ್ಸಿಂಗ್ ಹೊಡೆಯುತ್ತಿದ್ದರೆ ಕಂಪ್ರೆಷನ್ ಪರೀಕ್ಷೆ ಮಾಡಿಸಿ. ಹಿಂದೆ ನೀಲಿ ಹೊಗೆ ಬರುತ್ತಿದ್ದರೆ ರಿಂಗ್ ಅಥವಾ ವಾಲ್ವ್ ಸೀಲ್ ಸವೆದಿರಬಹುದು. ಎಲ್‌ಪಿಜಿ ಕಿಟ್ ಇರುವ ಕಾರಿನವರಿಗೆ ಒಂದು ಮಾತು. ಬ್ಯಾಕ್‌ಫೈರ್ ಹೊಡೆದರೆ, ಅಂದರೆ ಇನ್‌ಟೇಕ್ ಒಳಗೇ ಗ್ಯಾಸ್ ಹೊತ್ತಿ ಸಿಡಿದರೆ, ಹೊಸ ಇನ್‌ಟೇಕ್ ಪೈಪ್ ಕೂಡ ಒಂದೇ ಏಟಿಗೆ ಹರಿಯುತ್ತದೆ. ಪ್ಲಗ್ ಮತ್ತು ವೈರ್ ಸರಿ ಮಾಡಿಸಿಯೇ ಪೈಪ್ ಹಾಕಿ.

ಮರುದಿನ ಬೆಳಿಗ್ಗೆ ಕೂಲೆಂಟ್ ಮಟ್ಟ ನೋಡಿ, ಕಡಿಮೆಯಾಗಿದ್ದರೆ ತುಂಬಿ. 500 ಕಿ.ಮೀ. ಓಡಿದ ಮೇಲೆ ಕ್ಲಿಪ್‌ಗಳನ್ನು ಒಮ್ಮೆ ಬಿಗಿ ನೋಡಿ. ತೊಗರಿ ರಾಶಿ ಮುಗಿದ ಮೇಲೆ, ಮತ್ತೆ ಬೇಸಿಗೆ ಶುರುವಾಗುವ ಮುಂಚೆ, ಫಿಲ್ಟರ್ ಡಬ್ಬಿ ಬಿಚ್ಚಿ, ಫಿಲ್ಟರ್ ಆಚೆಯ ಪೈಪಿನೊಳಗೆ ಬೆರಳು ಒರೆಸಿ ನೋಡಿ. ನಾನು ಪ್ರತಿ ಫೆಬ್ರವರಿಯಲ್ಲಿ ನೋಡುತ್ತೇನೆ. ಹೋದ ಸಲ ಬೆರಳಿಗೆ ಒಂದಿಷ್ಟು ಆಯಿಲ್ ಮಾತ್ರ ಹತ್ತಿತು.